ಐದು ಜನ ಆಟಗಾರರು, ಒಬ್ಬ ಕ್ಯಾಪ್ಟನ್

ಸುಣ್ಣದ ಪುಡಿಗೂ ಒಂದು ವಾಸನೆ ಇದೆ ಅಂದರೆ ನೀವು ನಂಬಲಿಕ್ಕಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ, ಪುರಾವೆ ಕೇಳುತ್ತಿದ್ದೆ. ಆದರೆ ಇವತ್ತು ಬೆಳಿಗ್ಗೆ ಹಾಸನದ ಒಂದು ಕಾಲೇಜಿನ ಮೈದಾನ ದಾಟುವಾಗ ಅಲ್ಲಿನ ಪಿ.ಟಿ. ಮೇಷ್ಟ್ರು ತಳಕ್ಕೆ ತೂತು ಹೊಡೆದ ಡಬ್ಬ ಹಿಡಿದು ವಾಲಿಬಾಲ್ ಕೋರ್ಟಿನ ಗೆರೆ ಎಳೆಯುತ್ತಿದ್ದರು. ನೀರು ಚಿಮುಕಿಸಿದ ಕೆಂಪು ಮಣ್ಣು, ಅದರ ಮೇಲೆ ಬಿಳಿ ಪುಡಿ. ಗಾಳಿ ಬೀಸಿತು. ಅರ್ಧ ಗೆರೆ ನೆಲದ ಮೇಲೆ ಕೂತಿತು, ಇನ್ನರ್ಧ ನನ್ನ ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟಿನ ಮೇಲೆ.

"ಸಾರಿ ಸರ್, ಗಾಳಿ," ಅಂದರು ಅವರು.

"ಪರವಾಗಿಲ್ಲ," ಅಂದೆ.

ನಾನು ಪರವಾಗಿಲ್ಲ ಅನ್ನುವುದು ಅಪರೂಪ. ಬೇರೆ ದಿನವಾಗಿದ್ದರೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಗೆರೆ ಎಳೆಯುವವರು ಮೊದಲೇ ನೋಡಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಎತ್ತುತ್ತಿದ್ದೆ. ಆದರೆ ಆ ಒದ್ದೆ ಮಣ್ಣು, ಸುಣ್ಣ, ಎರಡೂ ಸೇರಿದ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಾಸನದಲ್ಲಿ ಇರಲಿಲ್ಲ. ಅರಕಲಗೂಡಿನ ಒಂದು ಮೈದಾನದಲ್ಲಿ, ಸಂಜೆ ಬಿಸಿಲಿನಲ್ಲಿ, ತಲೆ ಮೇಲೆತ್ತಿ, ಏಣಿಯ ಮೇಲೆ ಕೂತ ಒಬ್ಬ ಮನುಷ್ಯನ ಜೊತೆ ಜಗಳ ಆಡುತ್ತಿದ್ದೆ. ಆ ಮನುಷ್ಯ ಚಪಾತಿ ತಿನ್ನುತ್ತಿದ್ದರು.

ಇದನ್ನು ಮೊದಲಿಂದ ಹೇಳಬೇಕು. ಇಲ್ಲದಿದ್ದರೆ ನೀವು ನನ್ನ ಪಕ್ಷ ವಹಿಸುವುದೋ ಅವರ ಪಕ್ಷ ವಹಿಸುವುದೋ ತಿಳಿಯದೆ ಒದ್ದಾಡುತ್ತೀರಿ.

ನಮ್ಮ ಮನೆ ಹೊಳೇನರಸೀಪುರದಲ್ಲಿ. ನಾನು ಡಿಗ್ರಿ ಓದಿದ್ದು ಹಾಸನದಲ್ಲಿ, ದಿನಾ ಹೋಗಿ ಬಂದು. ಓದಿದೆ ಅನ್ನುವುದಕ್ಕಿಂತ ಮಾತಾಡಿದೆ ಅನ್ನುವುದು ಸರಿ. ಚರ್ಚಾಸ್ಪರ್ಧೆ ಎಲ್ಲಿ ನಡೆದರೂ ಹೋಗುತ್ತಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಗೆದ್ದ ಕಪ್ಪುಗಳನ್ನು ಅಮ್ಮ ಬೀರುವಿನ ಮೇಲೆ ಸಾಲಾಗಿ ಇಟ್ಟಿದ್ದಳು. ಒಂದರಲ್ಲಿ ಷರ್ಟಿನ ಗುಂಡಿಗಳು, ಒಂದರಲ್ಲಿ ಪಿನ್ನು, ಅತಿ ದೊಡ್ಡದರಲ್ಲಿ ಕೊತ್ತಂಬರಿ ಬೀಜ. ಸಾರಿಗೆ ಉಪ್ಪು ಕಮ್ಮಿ ಅಂದರೆ ಅವಳು, "ಇದಕ್ಕೂ ಎರಡು ಪಕ್ಷ ಐತೇನಪ್ಪಾ?" ಅಂತ ಕೇಳಿ ಉಪ್ಪಿನ ಡಬ್ಬವನ್ನೇ ತಂದು ಎದುರಿಗೆ ಇಡುತ್ತಿದ್ದಳು. ಇತ್ತು. ಎರಡು ಪಕ್ಷ ಎಲ್ಲದಕ್ಕೂ ಇರುತ್ತದೆ ಎಂಬುದು ಆಗ ನನಗಿದ್ದ ಒಂದೇ ನಂಬಿಕೆ. ಉಳಿದದ್ದನ್ನೆಲ್ಲ ನಾನು ಅನುಮಾನದಿಂದ ನೋಡುತ್ತಿದ್ದೆ.

ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಒಂದು ಗುಟ್ಟು ಹೇಳಿಕೊಟ್ಟಿದ್ದರು. "ಎದುರಾಳಿಯ ಕಡೆ ನೋಡಬೇಡ, ಅವನೇನು ನಿನಗೆ ಅಂಕ ಕೊಡ್ತಾನಾ? ಸಭಿಕರನ್ನೂ ನೋಡಬೇಡ. ತೀರ್ಪುಗಾರರ ಮುಖ ನೋಡು. ಹುಬ್ಬು ಎದ್ದರೆ ಇನ್ನೊಂದು ಉದಾಹರಣೆ ಕೊಡು. ಕಣ್ಣು ಮುಚ್ಚಿದರೆ ದನಿ ಏರಿಸು." ಈ ಪಾಠವನ್ನು ನಾನು ಎಷ್ಟು ಶ್ರದ್ಧೆಯಿಂದ ಕಲಿತೆ ಎಂದರೆ ಬಸ್ಸಿನಲ್ಲಿ ಸೀಟಿಗೆ ಜಗಳವಾದರೆ ಕೂಡ ನನ್ನ ಕಣ್ಣು ಕಂಡಕ್ಟರನ ಮುಖದ ಮೇಲೇ ಇರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ನಮ್ಮ ತಾಲ್ಲೂಕಿನದೇ ಆದ ಹಳೇಕೋಟೆಯಿಂದ ಇಬ್ಬರು ಮನೆಗೆ ಬಂದರು. ಒಬ್ಬ ಜವರ. ಪಿಯುಸಿಯಲ್ಲಿ ನನ್ನ ಪಕ್ಕದ ಬೆಂಚಿನವನು, ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಮಾತು ಮಾತ್ರ ಕುಳ್ಳು. ಇನ್ನೊಬ್ಬ ಲೋಕಿ. ಊರಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ, ಹಳೇಕೋಟೆಯ ವಾಲಿಬಾಲ್ ಟೀಮಿಗೆ ಮ್ಯಾನೇಜರು, ಕೋಚು, ಬೈಕಿನ ಪೆಟ್ರೋಲಿಗೆ ಹೊಣೆ, ಎಲ್ಲವೂ ಅವನೇ.

"ವಾಲಿಬಾಲ್ ಆಡಕ್ಕೆ ಬತ್ತದೇನ್ಲಾ ನಿಂಗೆ?" ಅಂತ ಲೋಕಿ ಕೇಳಿದ.

"ಇಲ್ಲ."

"ಒಳ್ಳೇದಾಯ್ತು ಬುಡು. ಆಡೋರು ನಮ್ಮತ್ರ ಅವ್ರೆ. ಮಾತಾಡೋನು ಇಲ್ಲ."

ವಾಲಿಬಾಲಿನಲ್ಲಿ ಒಂದು ನಿಯಮ ಇದೆ, ನಿಮಗೆ ಗೊತ್ತಿರಬಹುದು. ಅಂಪೈರ್ ಕೊಟ್ಟ ತೀರ್ಪಿನ ಬಗ್ಗೆ ಕೋರ್ಟಿನಲ್ಲಿರುವ ಕ್ಯಾಪ್ಟನ್ ಒಬ್ಬನೇ ಅವರನ್ನು ಕೇಳಬಹುದು. ಉಳಿದ ಐವರು ಬಾಯಿ ಮುಚ್ಚಿಕೊಂಡಿರಬೇಕು. ಹಳೇಕೋಟೆಗೆ ಅಲ್ಲಿವರೆಗೂ ಜವರನೇ ಕ್ಯಾಪ್ಟನ್. ಬಲೆಯ ಮೇಲೆ ಅವನ ಕೈ ಎದ್ದಿತು ಎಂದರೆ ಎದುರಿನವರು ಹಿಂದೆ ಸರಿಯುತ್ತಿದ್ದರಂತೆ. ಆದರೆ ಹಿಂದಿನ ಸಲ ಚನ್ನರಾಯಪಟ್ಟಣದಲ್ಲಿ ಅಂಪೈರ್ ತಪ್ಪು ತೀರ್ಪು ಕೊಟ್ಟಾಗ ಲೋಕಿ ಅವನನ್ನು ಮಾತಾಡಲು ಕಳಿಸಿದ್ದ.

"ಓದ. ಅಂಪೈರ್ ಮುಂದೆ ನಿಂತ್ಕಂಡ. ನಿಂತ್ಕಂಡ. ನಿಂತ್ಕಂಡ. ವಾಪಸ್ ಬಂದ," ಅಂದ ಲೋಕಿ. "ಸೋತೋ."

"ಅಲ್ಲಿ ಏನು ಹೇಳ್ದೆ?" ಅಂತ ನಾನು ಜವರನನ್ನು ಕೇಳಿದೆ.

ಜವರ ಸ್ವಲ್ಪ ಯೋಚಿಸಿದ. "ನಮಸ್ಕಾರ ಸಾ ಅಂದೆ."

ಅಮ್ಮ ಕೊಟ್ಟ ಕಾಫಿ ಮುಗಿಯುವಷ್ಟರಲ್ಲಿ ನಾನು ಹಳೇಕೋಟೆ ಟೀಮಿನ ಕ್ಯಾಪ್ಟನ್ ಆಗಿದ್ದೆ. ಜವರನ ಮುಖದಲ್ಲಿ ಬೇಸರ ಇತ್ತೋ ಏನೋ, ನಾನು ನೋಡಲಿಲ್ಲ. ಆ ಹೊತ್ತಿನಲ್ಲಿ ತೀರ್ಪು ಕೊಡುವವನು ಲೋಕಿಯಾದ್ದರಿಂದ ಅವನ ಮುಖ ನೋಡುತ್ತಿದ್ದೆ.

ಇಂಥ ಟೀಮನ್ನು ನೀವು ಎಲ್ಲೂ ಕಂಡಿರಲಾರಿರಿ. ಐದು ಜನ ಆಟಗಾರರು, ಒಬ್ಬ ವಕೀಲ. ಕ್ಯಾಪ್ಟನ್ ಕೋರ್ಟಿನ ಒಳಗೇ ಇರಬೇಕಾದ್ದರಿಂದ ನನ್ನನ್ನು ಹೊರಗೆ ಕೂರಿಸುವಂತೆಯೂ ಇರಲಿಲ್ಲ. ಸರದಿಯ ಪ್ರಕಾರ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುತ್ತಲೇ ಇರಬೇಕು. "ನೀನು ಹಿಂದೆ ಇದ್ರೆ ಮೂಲೇಲಿ ನಿಂತ್ಕ. ಮುಂದಕ್ಕೆ ಬಂದ್ರೆ ಬಗ್ಗಿ ಕೂತ್ಕ. ಬಾಲು ಮೇಲಿಂದ ಓಯ್ತದೆ, ನಿಂಗೇನ್ ಆಗಕಿಲ್ಲ," ಅಂತ ಲೋಕಿ ತರಬೇತಿ ಕೊಟ್ಟ. ನನ್ನ ತರಬೇತಿ ಅಷ್ಟೇ. ಸರ್ವ್ ಮಾಡುವ ಸರದಿ ಬಂದಾಗ ಕೈ ಕೆಳಗಿನಿಂದ ಹೊಡೆಯುತ್ತಿದ್ದೆ. ಅದು ಬಲೆ ದಾಟಿದರೆ ನಮ್ಮವರೇ ಚಪ್ಪಾಳೆ ತಟ್ಟುತ್ತಿದ್ದರು, ಮಗು ಹೆಜ್ಜೆ ಇಟ್ಟಾಗ ತಟ್ಟುವಂತೆ.

ಆದರೂ ಗೆದ್ದೆವು. ಹೇಗೆ ಅಂತ ಕೇಳಿ. ಒಂದು ಕಡೆ ಬಾಲು ಗೆರೆಯ ಮೇಲೆ ಬಿತ್ತು ಅಂತ ಎದುರಿನವರಿಗೆ ಪಾಯಿಂಟು ಕೊಟ್ಟರು. ನಾನು ಹೋಗಿ, "ಸರ್, ಗೆರೆ ಅಂದರೆ ಯಾವುದು? ಬೆಳಿಗ್ಗೆ ನೀವು ಎಳೆಸಿದ ಗೆರೆಯೋ, ಮಧ್ಯಾಹ್ನದವರೆಗೆ ಕಾಲು ತಗುಲಿ ತಗುಲಿ ಹರಡಿಕೊಂಡಿರುವ ಈ ಬಿಳಿಯೋ?" ಅಂತ ಕೇಳಿದೆ. ಅಂಪೈರ್ ಕೆಳಗೆ ನೋಡಿದರು. ಬಿಳಿ ನಿಜವಾಗಿಯೂ ಅಂಗೈ ಅಗಲ ಹರಡಿತ್ತು. ಅವರಿಗೇ ಅನುಮಾನ ಬಂತು. ಪಾಯಿಂಟು ರದ್ದಾಯಿತು, ಮತ್ತೆ ಆಡಿಸಿದರು. ಇನ್ನೊಂದು ಕಡೆ ಬಲೆ ಮುಟ್ಟಿದ್ದು ನಮ್ಮವನ ಕೈಯಲ್ಲ, ಗಾಳಿಗೆ ಬಲೆಯೇ ಬಂದು ನಮ್ಮವನನ್ನು ಮುಟ್ಟಿದ್ದು ಎಂದು ವಾದಿಸಿದೆ. ಅದೂ ನಡೆಯಿತು. ಅಂಪೈರ್‌ಗಳು ದೇವರಲ್ಲ, ಅವರಿಗೂ ಅನುಮಾನ ಹುಟ್ಟಿಸಬಹುದು ಎಂಬುದು ನನ್ನ ಸಿದ್ಧಾಂತ. ಹುಟ್ಟಿಸಿದ ಅನುಮಾನವೇ ಅರ್ಧ ಪಾಯಿಂಟು.

ಈ ಸಿದ್ಧಾಂತ ಕೆಲಸ ಮಾಡದೆ ಹೋದದ್ದು ಒಬ್ಬರ ಮುಂದೆ ಮಾತ್ರ. ಪದ್ಮಣ್ಣನವರು.

ಪದ್ಮಣ್ಣನವರದು ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ. ಜೈನರು. ತೆಳ್ಳಗೆ, ಬಿಳಿ ಷರ್ಟು, ಬಿಳಿ ಪ್ಯಾಂಟು, ಕೊರಳಲ್ಲಿ ಕಪ್ಪು ದಾರದ ವಿಷಲ್ಲು. ಭಾನುವಾರ ಬಂದರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಎಲ್ಲಿ ಟೂರ್ನಮೆಂಟು ಇದೆಯೋ ಅಲ್ಲಿಗೆ ಬಸ್ಸು ಹತ್ತುತ್ತಿದ್ದರು. ಹೊಳೇನರಸೀಪುರ ಅರಕಲಗೂಡುಗಳ ಪಂದ್ಯಕ್ಕೆ ಚನ್ನರಾಯಪಟ್ಟಣದವರು, ಚನ್ನರಾಯಪಟ್ಟಣದ ಪಂದ್ಯಕ್ಕೆ ಹಾಸನದವರು, ಹೀಗೆ ಮೂರನೇ ತಾಲ್ಲೂಕಿನವರನ್ನೇ ಅಂಪೈರ್ ಮಾಡುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ನೆಂಟರಾಗದವರು ಬೇಕು ಅಂತ. ಪದ್ಮಣ್ಣನವರು ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ, ಯಾರ ಮನೆಯ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಆದ್ದರಿಂದ ಎಲ್ಲರಿಗೂ ಅವರ ಮೇಲೆ ಸಮನಾದ ಕೋಪ ಇತ್ತು.

ಅಂಪೈರ್ ಕೂರುವ ಎತ್ತರದ ಜಾಗದ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಪೇಟೆಯ ಕಾಲೇಜುಗಳಲ್ಲಿ ಏಣಿಯಂಥ ಕಬ್ಬಿಣದ ಸ್ಟ್ಯಾಂಡು ಇರುತ್ತದೆ. ಹಳ್ಳಿಗಳಲ್ಲಿ ಆತಿಥೇಯರ ಬುದ್ಧಿವಂತಿಕೆ. ಮೇಜಿನ ಮೇಲೆ ಬೆಂಚು, ಬೆಂಚಿನ ಮೇಲೆ ಕುರ್ಚಿ. ಹೊಳೇನರಸೀಪುರದ ಆಚೆಯ ಒಂದು ಊರಿನಲ್ಲಿ ಟ್ರ್ಯಾಕ್ಟರಿನ ಟ್ರೇಲರನ್ನು ಬಲೆಯ ಪಕ್ಕ ನಿಲ್ಲಿಸಿ ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಪದ್ಮಣ್ಣನವರು ಆ ಊರಿನ ಟೀಮಿಗೆ ವಿರುದ್ಧವಾಗಿ ಒಂದು ಪಾಯಿಂಟು ಕೊಟ್ಟರು. ಟ್ರ್ಯಾಕ್ಟರ್ ಆ ಟೀಮಿನ ಕ್ಯಾಪ್ಟನ್ನಿನದೇ. ಅವನು ಹೋಗಿ ಎಂಜಿನ್ ಚಾಲೂ ಮಾಡಿ, ಟ್ರೇಲರು, ಕುರ್ಚಿ, ಅಂಪೈರ್ ಸಮೇತ ರಸ್ತೆಗೆ ಹೊರಟುಬಿಟ್ಟ. ಪದ್ಮಣ್ಣನವರು ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಕೂತರು. ಬಸ್ ಸ್ಟಾಪಿನ ಹತ್ತಿರ ಟ್ರ್ಯಾಕ್ಟರ್ ನಿಂತಾಗ ವಿಷಲ್ ಊದಿ, ಕೋರ್ಟಿನ ಕಡೆ ಕೈ ಚಾಚಿ, ಅದೇ ಪಾಯಿಂಟನ್ನು ಅದೇ ಎದುರು ಟೀಮಿಗೆ ಮತ್ತೆ ಕೊಟ್ಟರಂತೆ. ಕಣ್ಣಾರೆ ಕಂಡವರು ಹೇಳಿದ್ದು. ಕಣ್ಣಾರೆ ಕಂಡವರನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ, ಇದನ್ನು ಮಾತ್ರ ನಂಬಲು ಆಸೆ.

ಆ ಟ್ರ್ಯಾಕ್ಟರಿನ ಊರಿನವರು ಅಷ್ಟಕ್ಕೇ ಬಿಡಲಿಲ್ಲ. ಮೈಕಿಗೆ ಹೋದರು. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಅಂಪೈರ್ ಮೇಲೆ ದೂರಿದ್ದರೆ ಬರೆದು ಕೊಡುವಂತಿಲ್ಲ. ಟೀಮಿನವರೊಬ್ಬರು ವೇದಿಕೆಗೆ ಹೋಗಿ, ಮೈಕ್ ಹಿಡಿದು, ಊರಿಗೆಲ್ಲ ಕೇಳುವ ಹಾಗೆ "ಈ ಅಂಪೈರು ನಮಗೆ ಬೇಡ" ಎಂದು ಹೇಳಬೇಕು. ಮರೆಯಲ್ಲಿ ಚಾಡಿ ಹೇಳುವುದು ತಪ್ಪಲಿ ಎಂದು ಯಾರೋ ಹಿರಿಯರು ಮಾಡಿದ ಏರ್ಪಾಟು. ಒಂದು ಸೀಸನ್ನಿನಲ್ಲಿ ಮೂರು ಟೀಮು ಹೀಗೆ ಹೇಳಿದರೆ ಆ ಅಂಪೈರನ್ನು ಮತ್ತೆ ನಮ್ಮ ಕಡೆ ಯಾರೂ ಕರೆಯುವುದಿಲ್ಲ. ಆ ವರ್ಷ ಪದ್ಮಣ್ಣನವರ ಮೇಲೆ ಎರಡು ಟೀಮು ಹೇಳಿಯಾಗಿತ್ತು. ಇನ್ನೊಂದು ಟೀಮು ಹೇಳಿದರೆ ಅವರ ಭಾನುವಾರಗಳೆಲ್ಲ ಪಾತ್ರೆ ಅಂಗಡಿಗೇ. ಇದು ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಆದರೂ ಅವರ ವಿಷಲ್ಲಿನ ದನಿ ಒಂದಿಷ್ಟೂ ಮೆತ್ತಗಾಗಿರಲಿಲ್ಲ.

ಹೀಗಿರುವಾಗ ಅರಕಲಗೂಡಿನ ಫೈನಲ್ ಬಂತು. ನಾವು ಮತ್ತು ಅರಕಲಗೂಡಿನವರು. ಏಣಿಯ ಮೇಲೆ ಪದ್ಮಣ್ಣನವರು.

ಮೈದಾನದ ಸುತ್ತ ಹೊಗೆಸೊಪ್ಪಿನ ಲಾರಿಗಳು, ಆಟೋಗಳು, ಅವುಗಳ ಮೇಲೆಲ್ಲ ಜನ. ಲೋಕಿ ನನ್ನನ್ನು ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗಿ ಗುಟ್ಟಿನ ಉಪಾಯ ಹೇಳಿದ. "ಆ ಮನ್ಸ ಒತ್ತು ಮುಳುಗಿದ ಮ್ಯಾಲೆ ಒಂದ್ ಅಗಳೂ ಮುಟ್ಟಕಿಲ್ಲ ಕಣ್ಲಾ. ಅವ್ರ ಧರ್ಮ. ಅದ್ಕೇ ಸಂಜೆ ಆಟ ಇದ್ರೆ ಬಿರ್‍ರನೆ ಮುಗಿಸ್ತಾನೆ. ನೀನು ಕೊನೇಲಿ ಏನಾರ ಹಿಡ್ಕಂಡು ಎಳಿ. ಕ್ಯಾಪ್ಟನ್ ಮಾತು ಮುಗಿಯೋಗಂಟ ಅಂಪೈರು ಇಳಿಯಂಗಿಲ್ಲ. ಒಟ್ಟೆ ಅಸಿದ್ರೆ ಪಾಯಿಂಟ್ ತಾನಾಗೇ ವಾಪಸ್ ಬತ್ತದೆ."

ನನಗೆ ಈ ಉಪಾಯ ತುಂಬ ಹಿಡಿಸಿತು. ಧರ್ಮದ ಆಚರಣೆಗಳ ಬಗ್ಗೆ ನನಗಿದ್ದ ಅನುಮಾನಗಳಿಗೆಲ್ಲ ಇದೊಂದು ಪ್ರಯೋಗವೂ ಆಗುತ್ತದೆ ಅನಿಸಿತು.

ಕೊನೆಯ ಸೆಟ್ಟು. ಅರಕಲಗೂಡಿನವರಿಗೆ ಇನ್ನೊಂದೇ ಪಾಯಿಂಟು ಬೇಕು. ನಾವು ಒಂದೇ ಒಂದು ಹಿಂದೆ. ಅವರ ಕಡೆಯ ಎತ್ತರದವನೊಬ್ಬ ಹಾರಿ ಹೊಡೆದ. ನಮ್ಮ ಜವರ ಎರಡೂ ಕೈ ಎತ್ತಿ ಎಗರಿದ. ಬಾಲು ಅವನ ಬೆರಳುಗಳ ಹತ್ತಿರದಿಂದ ಹೋಗಿ ಕೋರ್ಟಿನ ಆಚೆ, ಆಟೋ ಒಂದರ ಕೆಳಗೆ ನಿಂತಿತು. ಬೆರಳಿಗೆ ತಾಕದೆ ಹೊರಗೆ ಹೋಗಿದ್ದರೆ ಪಾಯಿಂಟು ನಮ್ಮದು, ಆಟ ಮುಂದುವರಿಯುತ್ತದೆ. ತಾಕಿ ಹೋಗಿದ್ದರೆ ಅವರದು, ಕಪ್ಪೂ ಅವರದು. ಪದ್ಮಣ್ಣನವರು ವಿಷಲ್ ಊದಿ, ಒಂದು ಕೈಯ ಬೆರಳುಗಳ ತುದಿಯನ್ನು ಇನ್ನೊಂದು ಅಂಗೈಯಿಂದ ಸವರಿ ತೋರಿಸಿದರು. ತಾಕಿತು ಅಂತ.

ಅರಕಲಗೂಡು ಎದ್ದು ಕುಣಿಯಿತು. ನಾನು ಷರ್ಟಿನ ಕಾಲರ್ ಸರಿಮಾಡಿಕೊಂಡು ಏಣಿಯ ಹತ್ತಿರ ಹೋದೆ.

"ಹೇಳಿ ಕ್ಯಾಪ್ಟನ್," ಅಂದರು ಪದ್ಮಣ್ಣನವರು.

ಹೇಳಿದೆ. ನನ್ನ ಜೀವನದ ಅತ್ಯುತ್ತಮ ವಾದ ಅದು, ಈಗಲೂ ಹಾಗೇ ಅನ್ನುತ್ತೇನೆ. ತಾಕುವುದು ಎಂದರೇನು ಎಂದು ಶುರುಮಾಡಿದೆ. ತಾಕಿದರೆ ಸದ್ದು ಆಗಬೇಕು, ಸದ್ದು ಕೇಳಿಸಿತೇ ಎಂದೆ. ಇಷ್ಟು ಜನರ ಗಲಾಟೆಯಲ್ಲಿ ಕೇಳಿಸುವುದಿಲ್ಲ ಎಂದಾದರೆ ಕಣ್ಣನ್ನು ನಂಬಬೇಕು, ಸೂರ್ಯ ನಿಮ್ಮ ಎದುರಿಗೇ ಇದ್ದಾನೆ, ಎದುರು ಬಿಸಿಲಿನಲ್ಲಿ ಕಣ್ಣನ್ನು ಎಷ್ಟು ನಂಬುತ್ತೀರಿ ಎಂದೆ. ಸಂದೇಹದ ಲಾಭ ಯಾರಿಗೆ ಸಲ್ಲಬೇಕು ಎಂದೆ. ಹಿಂದಿನಿಂದ ಯಾರೋ ನನ್ನ ಷರ್ಟು ಎಳೆದರು. ತಿರುಗಿದರೆ ಜವರ.

"ಲೇ, ಒಸಿ ಕೇಳ್ಲಾ ಇಲ್ಲಿ," ಅಂದ.

"ಸುಮ್ನಿರೋ. ಕ್ಯಾಪ್ಟನ್ ಮಾತ್ರ ಮಾತಾಡಬೇಕು," ಅಂದೆ.

ಹೊತ್ತು ಇಳಿಯುತ್ತಿತ್ತು. ಲೋಕಿ ದೂರದಿಂದ ಕೈಯಲ್ಲಿ ಹಗ್ಗ ಜಗ್ಗುವಂತೆ ಸನ್ನೆ ಮಾಡುತ್ತಿದ್ದ, ಎಳಿ ಎಳಿ ಎಂದು. ನಾನು ಗಾಳಿಯ ಒತ್ತಡದಿಂದ ಬಾಲು ದಿಕ್ಕು ಬದಲಿಸುವ ವಿಷಯಕ್ಕೆ ಬಂದಿದ್ದೆ. ಆಗ ಪದ್ಮಣ್ಣನವರು ಒಮ್ಮೆ ಪಶ್ಚಿಮದ ಕಡೆ ನೋಡಿದರು. ಏಣಿಯ ಕಂಬಕ್ಕೆ ನೇತುಹಾಕಿದ್ದ ಬಟ್ಟೆಯ ಚೀಲಕ್ಕೆ ಕೈ ಹಾಕಿದರು. ಸ್ಟೀಲ್ ಡಬ್ಬಿಯೊಂದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳ ಬಿಚ್ಚಿದರು. ಚಪಾತಿ, ಹೆಸರುಕಾಳಿನ ಪಲ್ಯ.

"ನೀವು ಹೇಳ್ತಾ ಇರಿ ಅಪ್ಪಾ, ನಾನು ಕೇಳ್ತಾ ಇದೀನಿ," ಅಂದರು.

ಜನ ನಕ್ಕರು. ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರು ತೂಕಡಿಸಿದ್ದನ್ನು ನೋಡಿದ್ದೆ, ಆಕಳಿಸಿದ್ದನ್ನು ನೋಡಿದ್ದೆ. ಅಗಿಯುತ್ತಿರುವ ತೀರ್ಪುಗಾರರ ಮುಖ ಓದುವುದನ್ನು ಮೇಷ್ಟ್ರು ಕಲಿಸಿರಲಿಲ್ಲ. ಹುಬ್ಬು ಎದ್ದದ್ದು ನನ್ನ ಮಾತಿಗೋ ಪಲ್ಯದ ಮೆಣಸಿನಕಾಯಿಗೋ ಹೇಗೆ ಹೇಳುವುದು? ಆದರೂ ಬಿಡಲಿಲ್ಲ. ಅವರು ಎರಡನೇ ಚಪಾತಿ ಮಡಿಸಿದಾಗ ನಾನು ನ್ಯಾಯದ ಮೂಲತತ್ವಗಳಿಗೆ ಹೋದೆ. ಜವರ ಮತ್ತೆ ಷರ್ಟು ಎಳೆದ.

"ಲೇ, ಒಂದ್ ಮಾತು ಕಣ್ಲಾ."

"ಈಗ ಬೇಡ್ವೋ, ಒಳ್ಳೇ ಜಾಗಕ್ಕೆ ಬಂದಿದೀನಿ."

ಪದ್ಮಣ್ಣನವರು ಡಬ್ಬಿ ಮುಚ್ಚಿದರು, ಬಾಟಲಿಯಿಂದ ನೀರು ಕುಡಿದರು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ಸೂರ್ಯ ಇನ್ನೂ ಲಾರಿಗಳ ಮೇಲೆ ಒಂದು ಗೇಣು ಇದ್ದ.

"ಕ್ಯಾಪ್ಟನ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದರು. "ಬಾಲು ಜವರನ ಕೈ ಹತ್ತಿರ ಹೋದಾಗ ನೀವು ನೋಡಿದ್ರಾ?"

ಏನು ಹೇಳಲಿ? ಆ ಗಳಿಗೆಯಲ್ಲಿ ನನಗೆ ಹೊಳೆದ ಸತ್ಯ ಬಹಳ ಮುಜುಗರದ್ದು. ನಾನು ಬಾಲನ್ನು ನೋಡಿರಲಿಲ್ಲ. ಆ ಬಾಲನ್ನಷ್ಟೇ ಅಲ್ಲ, ಆ ಸೀಸನ್ನಿನಲ್ಲಿ ಯಾವ ಬಾಲನ್ನೂ ಸರಿಯಾಗಿ ನೋಡಿರಲಿಲ್ಲ. ಎಲ್ಲರೂ ಬಾಲು ನೋಡುವಾಗ ನಾನು ಅಂಪೈರ್ ಮುಖ ನೋಡುತ್ತಿದ್ದೆ, ವಾದ ಎಲ್ಲಿಂದ ಶುರುಮಾಡಲಿ ಅಂತ. ಬೆಳಿಗ್ಗೆಯ ಗೆರೆ, ಮಧ್ಯಾಹ್ನದ ಗೆರೆ ಎಂದು ಗೆದ್ದೆನಲ್ಲ, ಆ ಬಾಲು ಎಲ್ಲಿ ಬಿತ್ತು ಎಂಬುದು ದೇವರಾಣೆಗೂ ನನಗೆ ಗೊತ್ತಿಲ್ಲ. ದೇವರನ್ನು ನಂಬದವನು ಆಣೆ ಇಡುತ್ತಿದ್ದೇನೆ ಅಂದರೆ ನೀವೇ ಲೆಕ್ಕ ಹಾಕಿ.

"ನಾನು ನೋಡಿದೆನೋ ಇಲ್ಲವೋ ಅನ್ನೋದು ಇಲ್ಲಿ ಪ್ರಶ್ನೆಯಲ್ಲ ಸರ್," ಅಂದೆ. ಉತ್ತರ ಇಲ್ಲದಾಗ ಚರ್ಚಾಪಟುಗಳು ಹೇಳುವ ಮಾತು ಅದು.

"ಸರಿ," ಅಂದರು. "ಹಾಗಾದ್ರೆ ಪಾಯಿಂಟು ಅವರದ್ದೇ."

ಲೋಕಿ ಓಡಿ ಬಂದ. ಅವನ ಮುಖ ಕೆಂಪಾಗಿತ್ತು. "ಮೈಕಿಗೆ ಓಗ್ಲಾ. ಈ ಅಂಪೈರು ಬ್ಯಾಡ ಅಂತ ಏಳು. ಮೂರ್ನೇದು ಇದು, ಇನ್ನು ಅವ್ನು ಈ ಕಡೆ ತಲೆ ಆಕಂಗಿಲ್ಲ." ಟೀಮಿನ ಉಳಿದವರೂ ಹೌದು ಹೌದು ಅಂದರು. ಜವರ ಮಾತ್ರ ಸುಮ್ಮನೆ ನಿಂತಿದ್ದ, ಬಲಗೈಯ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು.

ನಾನು ವೇದಿಕೆಯ ಕಡೆ ನಡೆದೆ. ನಡೆಯುತ್ತಲೇ ಮೊದಲ ವಾಕ್ಯ ಜೋಡಿಸಿಕೊಂಡೆ. ಪದ್ಮಣ್ಣನವರು ಏಣಿಯಿಂದ ಇಳಿದು, ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಅವರ ಮುಖದಲ್ಲಿ ಮೊದಲ ಸಲ ಏನೋ ಒಂದನ್ನು ಓದಿದೆ, ಆದರೆ ಓದಿದ ಮೇಲೆ ಏನು ಮಾಡಬೇಕೆಂದು ನನ್ನ ಪಾಠದಲ್ಲಿ ಇರಲಿಲ್ಲ. ವಾದಕ್ಕೆ ಹೊರಟ ಮೇಲೆ ಅರ್ಧದಲ್ಲಿ ನಿಲ್ಲುವ ಅಭ್ಯಾಸವೂ ಇರಲಿಲ್ಲ. ಮೈಕ್ ಹಿಡಿದೆ. "ಸಭಿಕರೇ," ಅಂದೆ.

ಹಿಂದಿನಿಂದ ಒಂದು ಉದ್ದನೆಯ ಕೈ ಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡಿತು.

"ಏಯ್, ಕ್ಯಾಪ್ಟನ್ ಮಾತ್ರ..." ಅಂದೆ.

"ಅಂಪೈರ್ ಅತ್ರ ಕ್ಯಾಪ್ಟನ್ನೇ ಮಾತಾಡ್ಬೇಕು ಅಂದೆ, ಸರಿ. ಮೈಕ್ ಅತ್ರ ಯಾರ್ ಬೇಕಾದ್ರೂ ಮಾತಾಡಬೋದಲ್ಲಾ?" ಅಂದ ಜವರ.

ನಿಯಮ ಅವನ ಕಡೆಗೇ ಇತ್ತು. ಜವರ ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದುಕೊಂಡ. ಅವನ ಉಸಿರು ಅರಕಲಗೂಡಿಗೆಲ್ಲ ಕೇಳಿಸಿತು. ಬಹಳ ಹೊತ್ತು ಉಸಿರೇ ಕೇಳಿಸಿತು.

"ನಮಸ್ಕಾರ ಸಾ," ಅಂದ. ಮತ್ತೆ ಉಸಿರು. "ತಾಕ್ತು. ಕಿರುಬೆರಳಿಗೆ."

ಅಷ್ಟೇ. ಮೈಕನ್ನು ನನ್ನ ಕೈಗೆ ವಾಪಸ್ ಇಟ್ಟ.

ಅರಕಲಗೂಡಿನವರೇ ಮೊದಲು ಚಪ್ಪಾಳೆ ತಟ್ಟಿದರು. ಅವರು ಗೆದ್ದಿದ್ದರಿಂದ ತಟ್ಟಿದರೋ ಇವನು ಹೇಳಿದ್ದಕ್ಕೆ ತಟ್ಟಿದರೋ ಎಂಬ ಪ್ರಶ್ನೆಯನ್ನು ಎತ್ತಬಹುದು. ಎತ್ತುವುದಿಲ್ಲ. ನಾನು ಕೈಯಲ್ಲಿ ಮೈಕ್ ಹಿಡಿದು ನಿಂತಿದ್ದೆ, ಹೇಳಲು ಏನೂ ಇರಲಿಲ್ಲ. ನನ್ನ ಜೀವನದಲ್ಲಿ ಹಾಗಾದದ್ದು ಅದೇ ಮೊದಲು.

"ಮೊದ್ಲೇ ಏಳಕ್ಕೆ ಏನಾಗಿತ್ಲಾ ನಿಂಗೆ?" ಅಂತ ಲೋಕಿ ಜವರನ ಮೇಲೆ ಹಾರಿದ.

"ಏಳಕ್ಕೇ ಷರ್ಟ್ ಎಳೀತಿದ್ದೆ," ಅಂದ ಜವರ. "ಇವ್ನು ಬುಡ್ನಿಲ್ಲ. ಏಳ್ಬುಟ್ಟಿದ್ರೆ ಆ ಮನ್ಸ ಒಂದ್ ಗಳಿಗೆ ಮುಂಚೆ ಕೆಳಗಿಳಿದು ಸಮಾಧಾನ್ವಾಗಿ ಕೂತ್ಕಂಡು ಊಟ ಮಾಡ್ತಿದ್ದ. ಏಣಿ ಮ್ಯಾಲೆ ಕುಂತು ತಿಂದ, ಪಾಪ."

ಲೋಕಿ ಬೈಕಿನ ಕಡೆ ಹೋಗುತ್ತಾ, "ಒಂದ್ ಸೀಸನ್ನು ಕ್ಯಾಪ್ಟನ್ ಮಾಡಿದ್ದೇ ತಪ್ಪಾಯ್ತು," ಅಂದ. ಯಾರನ್ನು ಅಂತ ಹೇಳಲಿಲ್ಲ. ಮುಂದಿನ ಪಂದ್ಯದಿಂದ ಜವರ ಮತ್ತೆ ಕ್ಯಾಪ್ಟನ್ ಆದ. ನನ್ನ ಜಾಗಕ್ಕೆ ಬಾಲು ಹೊಡೆಯಲು ಬರುವ ಒಬ್ಬನನ್ನು ಹಾಕಿಕೊಂಡರು. ಟೀಮು ಸುಧಾರಿಸಿತು ಎಂದು ಕೇಳಿದ್ದೇನೆ, ಕಾರಣ ಕೇಳಿಲ್ಲ.

ಪದ್ಮಣ್ಣನವರನ್ನು ಕಪ್ಪು ಕೊಡುವಾಗ ಹತ್ತಿರದಿಂದ ನೋಡಿದೆ. ನನ್ನ ಹತ್ತಿರ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡು ನಾನೂ ತಯಾರಾದೆ.

"ವಾದ ಚೆನ್ನಾಗಿತ್ತು ಅಪ್ಪಾ," ಅಂದರು. "ನಮ್ಮ ಮನೇಲಿ ನಾನು ಒಂದೂವರೆ ಚಪಾತಿಗಿಂತ ಹೆಚ್ಚು ತಿನ್ನೋದಿಲ್ಲ. ಇವತ್ತು ಮೂರೂ ಖಾಲಿ ಆಯ್ತು."

"ನಿಮಗೆ ಅನುಮಾನವೇ ಬರಲಿಲ್ವಾ ಸರ್?" ಅಂತ ಕೇಳಿದೆ. ಆ ಸೋಲಿನಲ್ಲೂ ನನಗೆ ಬೇಕಾಗಿದ್ದ ಉತ್ತರ ಅದೊಂದೇ.

"ಬಂತು. ನೀವು ಎದುರು ಬಿಸಿಲು ಅಂದಾಗ ಬಂತು," ಅಂದರು. "ಅದಕ್ಕೇ ಜವರನ್ನ ನೋಡ್ತಾ ಇದ್ದೆ. ಅವನು ನಿಮ್ಮ ಷರ್ಟು ಎಳೀತಾನೇ ಇದ್ದ. ಪಾಯಿಂಟು ತಮ್ಮದು ಅಂತ ಗೊತ್ತಿರೋನು ತನ್ನ ವಕೀಲನ ಷರ್ಟು ಯಾಕೆ ಎಳೀತಾನೆ?"

ಚನ್ನರಾಯಪಟ್ಟಣದ ಬಸ್ಸು ಬಂತು, ಹತ್ತಿಕೊಂಡು ಹೋದರು. ಮುಂದಿನ ವರ್ಷವೂ ಬಂದರು, ಅದರ ಮುಂದಿನ ವರ್ಷವೂ. ಅವರ ಮೇಲೆ ಕೋಪ ಎಲ್ಲರಿಗೂ ಸಮನಾಗಿಯೇ ಉಳಿದಿದೆ, ಅಂದರೆ ಎಲ್ಲವೂ ಸರಿಯಾಗಿದೆ ಅಂತ ಅರ್ಥ.

ಇದಿಷ್ಟನ್ನೂ ನೆನೆಸಿಕೊಂಡು ಪ್ಯಾಂಟಿನ ಸುಣ್ಣ ಕೊಡವಿಕೊಂಡು ನಾನು ಒಳಗೆ ಹೋದೆ. ಇವತ್ತು ಆ ಕಾಲೇಜಿಗೆ ಹೋದದ್ದು ಚರ್ಚಾಸ್ಪರ್ಧೆಗೆ, ತೀರ್ಪುಗಾರನಾಗಿ. ಹೌದು, ನಗಬೇಡಿ, ಈಗ ನನ್ನನ್ನು ಅದಕ್ಕೆ ಕರೆಯುತ್ತಾರೆ. ಮೂವರಲ್ಲಿ ನಾನೇ ಕಿರಿಯ. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಹೇಳಿದೆವು. ಹೇಳಿ ಇನ್ನೂ ನೀರು ಕುಡಿದಿರಲಿಲ್ಲ, ಸೋತ ಕಾಲೇಜೊಂದರ ಹುಡುಗ ನನ್ನ ಮುಂದೆ ಬಂದು ನಿಂತ. ಅವನ ಹಿಂದೆ ಅದೇ ತಂಡದ ಹುಡುಗಿ.

"ಸರ್, ನಿಮ್ಮ ತೀರ್ಪನ್ನು ಗೌರವದಿಂದ ಪ್ರಶ್ನಿಸಲು ಇಚ್ಛಿಸುತ್ತೇನೆ," ಅಂತ ಶುರುಮಾಡಿದ. ಉಚ್ಚಾರಣೆ ಚೆನ್ನಾಗಿತ್ತು. ಮೂರು ಅಂಶ, ಪ್ರತಿ ಅಂಶಕ್ಕೂ ಒಂದು ಉಪ ಅಂಶ. ನನ್ನ 'ಎದುರು ಬಿಸಿಲಿ'ನಷ್ಟು ಒಳ್ಳೆಯದು ಅದರಲ್ಲಿ ಯಾವುದೂ ಇರಲಿಲ್ಲ, ಆದರೂ ಹುಡುಗನಿಗೆ ಭವಿಷ್ಯ ಇದೆ. ಅವನು ಮಾತಾಡುವಾಗ ಪೂರ್ತಿ ನನ್ನ ಮುಖವನ್ನೇ ನೋಡುತ್ತಿದ್ದ. ಹಿಂದಿನ ಹುಡುಗಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅವನು ಹಿಂದೆ ತಿರುಗದೆಯೇ ಕೈ ಅಡ್ಡ ಹಿಡಿದು ಅವಳನ್ನು ನಿಲ್ಲಿಸಿದ.

"ಒಂದು ನಿಮಿಷ," ಅಂದೆ. "ಅವರೇನೋ ಹೇಳಬೇಕು ಅಂತಿದಾರೆ."

"ಪರವಾಗಿಲ್ಲ ಸರ್, ನಾನೇ ಹೇಳ್ತೀನಿ," ಅಂದ ಹುಡುಗ.

"ನೀವು ಹೇಳಿದ್ದು ಆಯ್ತು. ಅವರು ಹೇಳಲಿ."

ಹುಡುಗಿ ಮುಂದೆ ಬಂದಳು. "ಇವನು ಹೇಳಿದ ಮೂರಕ್ಕೂ ನೀವು ಕೊಟ್ಟಿದ್ದೇ ಸರಿ ಸರ್," ಅಂದಳು. ಹುಡುಗನ ಮುಖ ನೋಡಬೇಕಿತ್ತು. "ಆದ್ರೆ ಎದುರು ತಂಡದ ಮುಖ್ಯ ಪ್ರಶ್ನೆಗೆ ನಾವು ಉತ್ತರಿಸಲಿಲ್ಲ ಅಂತ ಹೇಳಿ ಅಂಕ ಕಳೆದ್ರಿ. ಉತ್ತರಿಸಿದ್ದೆ ಸರ್. ನನ್ನ ಕೊನೇ ಮಾತೇ ಅದು. ಆಗ ನೀವು ಮೂವರೂ ತಲೆ ಬಗ್ಗಿಸಿ ಅಂಕ ಕೂಡ್ತಾ ಇದ್ರಿ."

ಸಭಾಂಗಣದ ಮೊದಲ ಸಾಲಿನಲ್ಲಿ ಕೂತಿದ್ದ ಎದುರು ತಂಡದವರನ್ನು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ತಲೆ ಕೆರೆದುಕೊಂಡು, "ಹೌದು ಸಾರ್, ಹೇಳಿದ್ರು," ಅಂದ.

ತೀರ್ಪು ಬದಲಾಗಬೇಕಾದರೆ ಮೂವರೂ ಒಪ್ಪಬೇಕು. ಉಳಿದ ಇಬ್ಬರು ಹಿರಿಯರು ಆಗಲೇ ಊಟಕ್ಕೆ ಕೂತಿದ್ದರು. ಅವರು ಸುಲಭಕ್ಕೆ ಒಪ್ಪುವವರಲ್ಲ. ಕೊಟ್ಟ ತೀರ್ಪು ಕೊಟ್ಟಾಯಿತು ಎನ್ನುವ ಪಂಗಡ. ಅಂಥವರ ಮುಂದೆ ನಾನೇ ಸಹಿ ಹಾಕಿದ ತೀರ್ಪಿನ ವಿರುದ್ಧ ನಾನೇ ವಾದಿಸುವುದು ಎಂದರೆ, ಇಷ್ಟು ವರ್ಷದಲ್ಲಿ ಇಂಥ ಒಳ್ಳೆಯ ವಿಷಯ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಕಾಲರ್ ಸರಿಮಾಡಿಕೊಂಡು ಎದ್ದೆ. ಎರಡು ಹೆಜ್ಜೆ ಹಾಕಿದವನು ನಿಂತೆ.

"ನೀವೂ ಬನ್ನಿ," ಅಂದೆ ಹುಡುಗಿಗೆ. "ಅಲ್ಲಿ ಮಾತಾಡೋದು ನೀವು. ನಾನು ಪಕ್ಕದಲ್ಲಿ ನಿಂತ್ಕೋತೀನಿ."

ಹುಡುಗ ತಾನೂ ಹೊರಟ. ಅವಳು ತಿರುಗಿ, "ನೀನು ಇಲ್ಲೇ ಇರೋ ಮಾರಾಯ, ಅವರು ಊಟ ಮಾಡ್ತಿದಾರೆ," ಅಂದಳು.